ಅಜ್ಜಿಯ ಹಾಡು ಫೈಲ್ ಮ್ಯಾನೇಜರ್‌ನಲ್ಲಿ ಕಾಣುತ್ತದೆ, ಕೇಳಿಸುತ್ತಿಲ್ಲ

ಹಾಸನ ಜಿಲ್ಲೆಯ ಓದುಗರೊಬ್ಬರ ಪ್ರಶ್ನೆ: "ನಮ್ಮ ಅಜ್ಜಿ ಸೋಬಾನೆ ಪದ, ರಾಗಿ ಬೀಸುವ ಪದ ಹೇಳುತ್ತಿದ್ದರು. 2009ರಿಂದ 2013ರವರೆಗೆ ಮನೆಯವರೆಲ್ಲ ತಮ್ಮ ತಮ್ಮ ಫೋನಿನಲ್ಲಿ, ಮಾವ ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡಿ ಒಂದು 2 ಜಿಬಿ ಮೆಮೊರಿ ಕಾರ್ಡಿಗೆ ಹಾಕಿಟ್ಟಿದ್ದೆವು. ಅಜ್ಜಿ ಈಗಿಲ್ಲ. ಕಳೆದ ತಿಂಗಳು ಬೀರು ಸ್ವಚ್ಛ ಮಾಡುವಾಗ ಆ ಕಾರ್ಡು ಸಿಕ್ಕಿತು. ಹೊಸ ಆಂಡ್ರಾಯ್ಡ್ ಫೋನಿಗೆ ಹಾಕಿ ಕಾಪಿ ಮಾಡಿಕೊಂಡೆ. ಒಟ್ಟು 43 ಫೈಲ್. ಫೈಲ್ ಮ್ಯಾನೇಜರ್‌ನಲ್ಲಿ ಎಲ್ಲವೂ ಕಾಣುತ್ತವೆ. ಆದರೆ ಸರಿಯಾಗಿ ಹಾಡುವುದು ಹೆಸರಿನ ಕೊನೆಯಲ್ಲಿ ಎಂಪಿ3 ಇರುವ 6 ಮಾತ್ರ. ಎಎಂಆರ್ ಅಂತ 21 ಇವೆ. ಅವನ್ನು ಒತ್ತಿದರೆ ಏನನ್ನೂ ಕೇಳದೆ ಒಂದು ಮ್ಯೂಸಿಕ್ ಆ್ಯಪ್ ತೆರೆದು 'ಪ್ಲೇ ಮಾಡಲಾಗದು' ಅನ್ನುತ್ತದೆ. 9 ಡಬ್ಲ್ಯುಎಂಎ, 2 ಕ್ಯುಸಿಪಿ ಇವೆ, ಅವಕ್ಕೆ 'ತೆರೆಯುವ ಆ್ಯಪ್ ಇಲ್ಲ' ಎಂದು ಬರುತ್ತದೆ. ಎಂ4ಎ 3 ಇವೆ, ತೆರೆಯುತ್ತವೆ, ಆದರೆ ಸಮಯ 0:00 ತೋರಿಸುತ್ತದೆ. ಉಳಿದ 2 ಫೈಲ್ 0 ಕೆಬಿ. ಚಿಕ್ಕಪ್ಪನ ಮಗ 10 ಎಎಂಆರ್ ಫೈಲ್‌ಗಳ ಹೆಸರಿನ ಕೊನೆಯನ್ನು ಎಂಪಿ3 ಅಂತ ಬದಲಿಸಿದ, ಪ್ರಯೋಜನ ಆಗಲಿಲ್ಲ. ಮೊಬೈಲ್ ಅಂಗಡಿಯವರು ವೈರಸ್ ಇರಬಹುದು, ಕಾರ್ಡು ಫಾರ್ಮ್ಯಾಟ್ ಮಾಡಿ, ಕೋಡೆಕ್ ಪ್ಯಾಕ್ ಹಾಕಿ ಎಂದರು. ಭಯವಾಗಿ ಸುಮ್ಮನಿದ್ದೇನೆ. ಅಜ್ಜಿಯ ದನಿ ಹೋಯಿತೇ?"

ಉತ್ತರ: ಹೋಗಿಲ್ಲ. ನೀವು ಬರೆದ ಲಕ್ಷಣಗಳನ್ನು ನೋಡಿದರೆ 43ರಲ್ಲಿ 38 ಫೈಲ್ ಜೀವಂತ ಇರುವ ಸಾಧ್ಯತೆ ತುಂಬಾ ಜಾಸ್ತಿ. ಎಂ4ಎ ಮೂರಕ್ಕೆ ಸ್ವಲ್ಪ ಕಷ್ಟಪಡಬೇಕು. 0 ಕೆಬಿ ಇರುವ ಎರಡಕ್ಕೆ ಮಾತ್ರ ಕಾರ್ಡನ್ನೇ ಮತ್ತೆ ಕೇಳಬೇಕು. ಭಯವಾಗಿ ಸುಮ್ಮನಿದ್ದಿರಲ್ಲ, ಅದೇ ನಿಮ್ಮನ್ನು ಕಾಪಾಡಿದೆ. ಹಳೆಯ ಧ್ವನಿಮುದ್ರಣ ಉಳಿಸಿಕೊಡುವ ಕೆಲಸ ಮಾಡುತ್ತಾ ನಾನು ನೋಡಿದ ಹಾಗೆ, ಫೈಲ್‌ಗಳು ತಾವಾಗಿ ಸಾಯುವುದಕ್ಕಿಂತ ಅವಸರದ ರಿಪೇರಿಯಲ್ಲಿ ಸಾಯುವುದೇ ಜಾಸ್ತಿ.

ಹಾಗಾಗಿ ಮೊದಲು ಕಾರ್ಡಿನ ಮಾತು. ಅದನ್ನು ಮತ್ತೆ ಫೋನಿಗೆ ಹಾಕಬೇಡಿ. ಆಂಡ್ರಾಯ್ಡ್ ಫೋನು ಕಾರ್ಡು ಕಂಡ ಕೂಡಲೇ ಅದರ ಮೇಲೆ ತನ್ನದೇ ಫೋಲ್ಡರ್‌ಗಳನ್ನು ಬರೆಯುತ್ತದೆ. ನಿಮ್ಮ ಕಾರ್ಡಿನಲ್ಲಿ ಕಳೆದುಹೋದ ಹಾಡು ಯಾವುದಾದರೂ ಇದ್ದರೆ, ಈ ಹೊಸ ಬರಹ ಅದರ ಮೇಲೇ ಕೂರಬಹುದು. ಇನ್ನೊಂದು ಅಪಾಯವೂ ಇದೆ. ಕೆಲವು ಫೋನುಗಳು "ಈ ಕಾರ್ಡನ್ನು ಫೋನಿನ ಸ್ಟೋರೇಜ್ ಆಗಿ ಬಳಸಲೇ?" ಎಂದು ಕೇಳುತ್ತವೆ. ಹೂಂ ಅಂದರೆ ಕಾರ್ಡು ಪೂರ್ತಿ ಅಳಿಸಿಹೋಗುತ್ತದೆ. ಕಂಪ್ಯೂಟರ್‌ಗೆ ಹಾಕಿದಾಗ "ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು" ಎಂದೋ "ಸ್ಕ್ಯಾನ್ ಮಾಡಿ ಸರಿಪಡಿಸಲೇ" ಎಂದೋ ಕೇಳಿದರೂ ಬೇಡ ಅನ್ನಿ.

ಸಣ್ಣ ಕಾರ್ಡನ್ನು ದೊಡ್ಡದು ಮಾಡುವ ಅಡಾಪ್ಟರ್ ಸಿಗುತ್ತದಲ್ಲ, ಅದರ ಎಡಬದಿಯಲ್ಲಿ ಉಗುರಿನಷ್ಟು ಚಿಕ್ಕ ಗುಂಡಿ ಇರುತ್ತದೆ. ಅದನ್ನು ಕೆಳಗೆ ಸರಿಸಿದರೆ ಲಾಕ್. ಆಗ ಬಹುತೇಕ ಕಾರ್ಡ್ ರೀಡರ್‌ಗಳು ಕಾರ್ಡನ್ನು ಓದುತ್ತವೆ, ಬರೆಯುವುದಿಲ್ಲ. ಹಾಗೆ ಲಾಕ್ ಮಾಡಿ ಕಂಪ್ಯೂಟರ್‌ಗೆ ಹಾಕಿ, ಇಡೀ ಕಾರ್ಡನ್ನು ಒಂದು ಫೋಲ್ಡರ್‌ಗೆ ಕಾಪಿ ಮಾಡಿ. ಆ ಫೋಲ್ಡರ್‌ನ ಇನ್ನೊಂದು ಪ್ರತಿ ಪೆನ್‌ಡ್ರೈವ್‌ಗೆ ಹೋಗಲಿ. ಆಮೇಲೆ ಕಾರ್ಡನ್ನು ಮತ್ತೆ ಬೀರುವಿಗೆ ಹಾಕಿ. ಮುಂದೆ ಹೇಳುವ ಪ್ರಯೋಗಗಳೆಲ್ಲ ಪ್ರತಿಯ ಮೇಲೆ ಮಾತ್ರ. ಕಾರ್ಡನ್ನೇ ಮತ್ತೆ ನೋಡಬೇಕಾಗಿ ಬಂದರೆ ಹೀಗೇ ಲಾಕ್ ಮಾಡಿ ಕಂಪ್ಯೂಟರ್‌ಗೆ ಹಾಕಿ.

ಈಗ ಫೈಲ್ ಮ್ಯಾನೇಜರ್ ಯಾಕೆ ಹೀಗೆ ಮಾಡುತ್ತದೆ ಅನ್ನುವುದು. ಮದುವೆ ಮನೆಯ ಉಗ್ರಾಣಿಯನ್ನು ನೆನಪಿಸಿಕೊಳ್ಳಿ. ಯಾವ ಡಬ್ಬಿ ಎಲ್ಲಿದೆ ಅಂತ ಅವನಿಗೆ ಗೊತ್ತು. ಕೇಳಿದರೆ ತೆಗೆದು ಅಡುಗೆಯವರ ಕೈಗೆ ಕೊಡುತ್ತಾನೆ. ಅಡುಗೆ ಮಾಡುವುದು ಅವನ ಕೆಲಸ ಅಲ್ಲ. ಫೈಲ್ ಮ್ಯಾನೇಜರ್ ಅಂಥ ಉಗ್ರಾಣಿ. ನೀವು ಹಾಡನ್ನು ಒತ್ತಿದಾಗ ಅದು ಸಾಮಾನ್ಯವಾಗಿ ಡಬ್ಬಿಯ ಮೇಲಿನ ಚೀಟಿ, ಅಂದರೆ ಹೆಸರಿನ ಕೊನೆಯ ಮೂರ್ನಾಲ್ಕು ಅಕ್ಷರ ನೋಡುತ್ತದೆ. "ಇದು ಆಡಿಯೊ, ಇದನ್ನು ಯಾರು ಹಾಡಿಸುತ್ತೀರಿ?" ಎಂದು ಫೋನಿನಲ್ಲಿರುವ ಆ್ಯಪ್‌ಗಳನ್ನು ಕೇಳುತ್ತದೆ. ಕೈ ಎತ್ತಿದ ಆ್ಯಪ್‌ಗೆ ಫೈಲ್ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಕೆಲವು ಫೈಲ್ ಮ್ಯಾನೇಜರ್‌ಗಳಲ್ಲಿ ಒಂದು ಪುಟ್ಟ ಪ್ಲೇಯರ್ ಒಳಗೇ ಇರುತ್ತದೆ. ಗೂಗಲ್‌ನ ಫೈಲ್ಸ್ ಆ್ಯಪ್ ಹಾಗೆ. ಆಗಲೂ ಉಗ್ರಾಣಿ ಬೇರೆ, ಅಡುಗೆಯವನು ಬೇರೆ, ಇಬ್ಬರೂ ಒಂದೇ ಮನೆಯವರು ಅಷ್ಟೇ.

ಎಂದರೆ ತಪ್ಪು ನಾಲ್ಕು ಕಡೆ ಆಗಬಹುದು. ಚೀಟಿ ತಪ್ಪಿರಬಹುದು. ಫೈಲ್ ತಪ್ಪು ಆ್ಯಪ್‌ಗೆ ಹೋಗುತ್ತಿರಬಹುದು. ಆ ಆ್ಯಪ್‌ಗೆ ಒಳಗಿನ ಸಾಮಾನು ಬಳಸಲು ಬಾರದೇ ಇರಬಹುದು. ಇಲ್ಲವೇ ಡಬ್ಬಿಯೇ ಒಡೆದಿರಬಹುದು. ನಿಮ್ಮ ವಿಷಯದಲ್ಲಿ ಈ ನಾಲ್ಕೂ ಒಟ್ಟಿಗೆ ಬಂದಿವೆ. ಅದಕ್ಕೇ ಎಲ್ಲ ಗೋಜಲಾಗಿ, ಎಲ್ಲವೂ ಹಾಳಾದಂತೆ ಕಾಣುತ್ತಿದೆ.

21 ಎಎಂಆರ್ ಫೈಲ್‌ಗಳಿಂದ ಶುರು ಮಾಡೋಣ. ಇವುಗಳಲ್ಲಿ ಆಗಿರುವುದು ಎರಡನೆಯ ತಪ್ಪು. ಎಎಂಆರ್ ಮೊಬೈಲ್ ಫೋನಿನ ಮಾತಿಗೆಂದೇ ಮಾಡಿದ ಬಗೆ, 1999ರಲ್ಲಿ ಅಂಗೀಕಾರವಾಯಿತು. ಆಗಿನ ಕೀಪ್ಯಾಡ್ ಫೋನುಗಳ ರೆಕಾರ್ಡರ್ ಉಳಿಸುತ್ತಿದ್ದದ್ದು ಹೆಚ್ಚಾಗಿ ಇದನ್ನೇ. ಆಂಡ್ರಾಯ್ಡ್‌ಗೆ ಎಎಂಆರ್ ಚೆನ್ನಾಗಿ ಗೊತ್ತು, ಹೊಸದಾಗಿ ಏನೂ ಹಾಕಬೇಕಿಲ್ಲ. ಆದರೆ ನಿಮ್ಮ ಫೋನು ಕೇಳದೆಯೇ ಒಂದು ಮ್ಯೂಸಿಕ್ ಆ್ಯಪ್ ತೆರೆಯುತ್ತಿದೆ ಅಂದಿರಿ. ಯಾವಾಗಲೋ ಯಾರೋ "ಯಾವಾಗಲೂ ಇದರಲ್ಲೇ ತೆರೆ" ಎಂದು ಒತ್ತಿದ್ದಾರೆ. ಆ ಆ್ಯಪ್ ಎಎಂಆರ್ ಒಪ್ಪುತ್ತಿಲ್ಲ. ಉಗ್ರಾಣಿ ಬೇರೆಯವರನ್ನು ಕೇಳುತ್ತಲೂ ಇಲ್ಲ.

ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್ ಪಟ್ಟಿಯಲ್ಲಿ ಆ ಮ್ಯೂಸಿಕ್ ಆ್ಯಪ್ ಹುಡುಕಿ. ಅದರೊಳಗೆ "ಓಪನ್ ಬೈ ಡಿಫಾಲ್ಟ್" ಅಥವಾ "ಸೆಟ್ ಆ್ಯಸ್ ಡಿಫಾಲ್ಟ್" ಎಂಬ ಸಾಲು ಇರುತ್ತದೆ. ಅಲ್ಲಿ ಡಿಫಾಲ್ಟ್ ತೆಗೆದುಹಾಕಿ. ಆಮೇಲೆ ಪ್ಲೇ ಸ್ಟೋರ್‌ನಿಂದ ವಿಎಲ್‌ಸಿ ಎಂಬ ಪ್ಲೇಯರ್ ಹಾಕಿಕೊಳ್ಳಿ. ಉಚಿತ, ಜಾಹೀರಾತಿಲ್ಲ, ಪ್ಯಾರಿಸ್‌ನ ವಿದ್ಯಾರ್ಥಿಗಳು ಶುರು ಮಾಡಿದ್ದು. ನಾನು ಇದನ್ನೇ ಹೇಳುವುದಕ್ಕೆ ಕಾರಣ ಇದೆ. ಬೇರೆ ಬೇರೆ ಬಗೆಯ ಆಡಿಯೊ ಬಿಡಿಸುವ ಸಾಮಗ್ರಿಯನ್ನು ಅದು ತನ್ನ ಜೊತೆಗೇ ಹೊತ್ತು ತರುತ್ತದೆ, ಫೋನಿನಲ್ಲಿ ಏನಿದೆ ಏನಿಲ್ಲ ಎಂದು ಕಾಯುವುದಿಲ್ಲ. ಮೊದಲ ಸಲ ತೆರೆದಾಗ ಆಡಿಯೊ ನೋಡಲು ಅನುಮತಿ ಕೇಳುತ್ತದೆ, ಕೊಡಿ. ಆಂಡ್ರಾಯ್ಡ್ 13ರಿಂದ ಈ ಅನುಮತಿ "ಮ್ಯೂಸಿಕ್ ಮತ್ತು ಆಡಿಯೊ" ಎಂದು ಪ್ರತ್ಯೇಕ ಇದೆ. ಫೋಟೊಗೆ ಕೊಟ್ಟರೆ ಹಾಡಿಗೆ ಕೊಟ್ಟ ಹಾಗಾಗುವುದಿಲ್ಲ. ಈಗ ಫೈಲ್ ಮ್ಯಾನೇಜರ್‌ನಲ್ಲಿ ಎಎಂಆರ್ ಒತ್ತಿದರೆ ಯಾವುದರಲ್ಲಿ ತೆರೆಯಲಿ ಅಂತ ಕೇಳುತ್ತದೆ. ವಿಎಲ್‌ಸಿ ಆರಿಸಿ, "ಒಮ್ಮೆ ಮಾತ್ರ" ಒತ್ತಿ. ಅಜ್ಜಿ ಹಾಡಬೇಕು.

ಹೆಸರು ಬದಲಿಸಿದ 10 ಫೈಲ್‌ಗಳ ಬಗ್ಗೆ ನಿಮ್ಮ ಚಿಕ್ಕಪ್ಪನ ಮಗ ಕೊರಗುವುದು ಬೇಡ. ಚೀಟಿ ಬದಲಿಸಿದರೆ ಒಳಗಿನ ಸಾಮಾನು ಬದಲಾಗುವುದಿಲ್ಲ. ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಬರೆದ ಹಾಗೆ. ಹೆಸರು ಬದಲಿಸಿದರೆ ಫೈಲ್ ಎಂಪಿ3 ಆಗುತ್ತದೆ ಅನ್ನುವುದು ತುಂಬಾ ಹಬ್ಬಿರುವ ತಪ್ಪು ತಿಳಿವಳಿಕೆ. ಕೆಲವೊಮ್ಮೆ ಹಾಗೆ ಮಾಡಿದ ಫೈಲ್ ಹಾಡಿಬಿಡುತ್ತದೆ, ಅದರಿಂದ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಆಗುವುದೇನೆಂದರೆ, ಚೀಟಿಯನ್ನು ನಂಬದೆ ಒಳಗೆ ಇಣುಕಿ ನೋಡುವ ಪ್ಲೇಯರ್‌ಗಳು ಇದು ಎಎಂಆರ್ ಎಂದು ಗುರುತು ಹಿಡಿದು ಹಾಡಿಸುತ್ತವೆ. ಚೀಟಿ ನಂಬುವ ಪ್ಲೇಯರ್‌ಗಳು ಸೋಲುತ್ತವೆ. ಹೆಸರನ್ನು ಮೊದಲಿದ್ದ ಹಾಗೆ ತಿದ್ದಿದರೆ ಸಾಕು. ಕಂಪ್ಯೂಟರ್‌ನಲ್ಲಿ ತಿದ್ದುವಾಗ ಒಂದು ಎಚ್ಚರಿಕೆ. ವಿಂಡೋಸ್ ಕೊನೆಯ ಅಕ್ಷರಗಳನ್ನು ಅಡಗಿಸಿಡುತ್ತದೆ. ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಳ್ಳಿ. ಇಲ್ಲದಿದ್ದರೆ "ಹಾಡು.ಎಎಂಆರ್.ಎಂಪಿ3" ಎಂಬಂಥ ಎರಡು ಬಾಲದ ಹೆಸರು ಆಗಿಬಿಡುತ್ತದೆ.

ಯಾವುದು ನಿಜವಾಗಿ ಏನು ಅಂತ ಗೊತ್ತಾಗದಿದ್ದರೆ ನೀವೇ ಇಣುಕಬಹುದು. ಪ್ರತಿಯನ್ನು, ಪ್ರತಿಯನ್ನು ಮಾತ್ರ, ಕಂಪ್ಯೂಟರ್‌ನ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಗಾಬರಿಯಾಗಬೇಡಿ, ಮೊದಲ ಸಾಲಿನ ಮೊದಲ ಅಕ್ಷರಗಳನ್ನಷ್ಟೇ ನೋಡಿ. ಒಂದು ಹ್ಯಾಶ್ ಚಿಹ್ನೆ, ಒಂದು ಆಶ್ಚರ್ಯ ಚಿಹ್ನೆ, ಆಮೇಲೆ ಇಂಗ್ಲಿಷಿನಲ್ಲಿ ಎ, ಎಂ, ಆರ್ ಇದ್ದರೆ ಅದು ಎಎಂಆರ್, ಹೆಸರು ಏನೇ ಇರಲಿ. ಐ, ಡಿ, 3 ಎಂದು ಶುರುವಾದರೆ ಎಂಪಿ3. ಆರ್, ಐ, ಎಫ್, ಎಫ್ ಇದ್ದರೆ ವೇವ್ ಎಂಬ ಇನ್ನೊಂದು ಆಡಿಯೊ ಬಗೆ ಇರಬಹುದು, ಕ್ಯುಸಿಪಿ ಕೂಡ ಇರಬಹುದು. ನಾಲ್ಕು ಚಿಹ್ನೆ ಬಿಟ್ಟು ಐದನೆಯದರಿಂದ ಎಫ್, ಟಿ, ವೈ, ಪಿ ಕಂಡರೆ ಎಂ4ಎ ಕುಟುಂಬ. ನೋಡಿ ಆದಮೇಲೆ ಸೇವ್ ಮಾಡದೆ ಮುಚ್ಚಿ. ನನ್ನ ಬಳಿ ಒಮ್ಮೆ ಒಂದು ಹರಿಕಥೆಯ ರೆಕಾರ್ಡಿಂಗ್ ಬಂದಿತ್ತು. ಮನೆಯವರು ಹೀಗೇ ನೋಟ್‌ಪ್ಯಾಡ್‌ನಲ್ಲಿ ತೆರೆದು, ಮುಚ್ಚುವಾಗ ಅಭ್ಯಾಸಬಲದಿಂದ ಸೇವ್ ಒತ್ತಿದ್ದರು. ನೋಟ್‌ಪ್ಯಾಡ್ ತನಗೆ ಅರ್ಥವಾಗದ ಚಿಹ್ನೆಗಳನ್ನೆಲ್ಲ ಬೇರೆಯಾಗಿ ಬರೆದುಬಿಟ್ಟಿತ್ತು. ಬೇರೆ ಪ್ರತಿ ಇರಲಿಲ್ಲ. ನನ್ನಿಂದ ಏನೂ ಮಾಡಲಾಗಲಿಲ್ಲ.

ಇನ್ನೊಂದು ಸುಲಭದ ಪರೀಕ್ಷೆ ಗಾತ್ರದ್ದು. ಎಎಂಆರ್ ದನಿಯನ್ನು ಸೆಕೆಂಡಿಗೆ 50 ತುಣುಕು ಮಾಡಿ ಇಡುತ್ತದೆ. ಒಳ್ಳೆಯ ಗುಣಮಟ್ಟದಲ್ಲಿ ಒಂದು ತುಣುಕು 32 ಬೈಟ್. ಎಂದರೆ ಸೆಕೆಂಡಿಗೆ 1600 ಬೈಟ್, ನಿಮಿಷಕ್ಕೆ ಸುಮಾರು 94 ಕೆಬಿ. ಐದು ನಿಮಿಷದ ಹಸೆ ಹಾಡು 470 ಕೆಬಿ ಆಸುಪಾಸು ಇರಬೇಕು. ಇಷ್ಟು ಚಿಕ್ಕ ಫೈಲ್ ನೋಡಿ "ಅರ್ಧಂಬರ್ಧ ಕಾಪಿ ಆಗಿದೆ" ಅಂದುಕೊಂಡು ಅಳಿಸಿದವರಿದ್ದಾರೆ. ಅದು ಪೂರ್ತಿಯೇ ಇರುತ್ತದೆ. ಎಂಪಿ3 ಸಾಮಾನ್ಯ ಗುಣಮಟ್ಟದಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ 1 ಎಂಬಿ, ಸಿಡಿ ಗುಣಮಟ್ಟದ ವೇವ್ ಫೈಲ್ ನಿಮಿಷಕ್ಕೆ 10 ಎಂಬಿ. ಈ ಮೂರು ಅಂಕಿ ನೆನಪಿದ್ದರೆ ಫೈಲ್ ಮ್ಯಾನೇಜರ್ ತೋರಿಸುವ ಗಾತ್ರದಿಂದಲೇ ಒಳಗೆ ಎಷ್ಟು ಹೊತ್ತಿನ ದನಿ ಇದೆ ಅಂತ ಅಂದಾಜು ಸಿಗುತ್ತದೆ. ಕಾರ್ಡಿನಲ್ಲಿರುವ ಗಾತ್ರ, ಫೋನಿನಲ್ಲಿರುವ ಗಾತ್ರ ಎರಡನ್ನೂ ಹೋಲಿಸಿ ನೋಡಿ. ಫೋನಿನದು ಕಡಿಮೆ ಇದ್ದರೆ ಕಾಪಿ ಮಧ್ಯದಲ್ಲಿ ನಿಂತಿದೆ.

ಡಬ್ಲ್ಯುಎಂಎ 9 ಫೈಲ್ ಮಾವನ ಲ್ಯಾಪ್‌ಟಾಪ್‌ನವು ಇರಬೇಕು. ವಿಂಡೋಸ್ ವಿಸ್ತಾ ಮತ್ತು 7ರ ಸೌಂಡ್ ರೆಕಾರ್ಡರ್ ಅದೇ ಬಗೆಯಲ್ಲಿ ಉಳಿಸುತ್ತಿತ್ತು. ಇದು ಮೈಕ್ರೋಸಾಫ್ಟ್‌ನ ಸ್ವಂತ ಬಗೆ, ಆಂಡ್ರಾಯ್ಡ್‌ನ ಜೊತೆ ಬರುವುದಿಲ್ಲ. ವಿಎಲ್‌ಸಿಗೆ ಬರುತ್ತದೆ. ಕ್ಯುಸಿಪಿ ಎರಡು ನೋಡಿ ನನಗೆ ಖುಷಿಯಾಯಿತು, ಈಗ ಅಪರೂಪ. ರಿಲಯನ್ಸ್, ಟಾಟಾ ಇಂಡಿಕಾಂ ಕಾಲದ ಸಿಡಿಎಂಎ (ಆಗಿನ ಇನ್ನೊಂದು ಬಗೆಯ ಮೊಬೈಲ್ ಜಾಲ) ಫೋನುಗಳ ರೆಕಾರ್ಡಿಂಗ್ ಅದು, ನಿಮ್ಮ ಮನೆಯಲ್ಲಿ ಯಾರದೋ ಕೈಯಲ್ಲಿ ಅಂಥದ್ದೊಂದು ಇತ್ತು. ಮೊದಲು ವಿಎಲ್‌ಸಿಯಲ್ಲಿ ನೋಡಿ. ಆಗದಿದ್ದರೆ ಕಂಪ್ಯೂಟರ್‌ನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನ ಇದನ್ನು ಬಿಡಿಸುತ್ತದೆ. ಅದನ್ನು ಆದೇಶ ಟೈಪ್ ಮಾಡಿ ಬಳಸಬೇಕು, ಮನೆಯಲ್ಲಿ ಕಂಪ್ಯೂಟರ್ ಓದಿದ ಮಕ್ಕಳಿದ್ದರೆ ಹತ್ತು ನಿಮಿಷದ ಕೆಲಸ.

ಅಂಗಡಿಯವರು ಹೇಳಿದ ಕೋಡೆಕ್ ಪ್ಯಾಕ್ ಬೇಡ. ಕೋಡೆಕ್ ಅಂದರೆ ದನಿಯನ್ನು ಮಡಚಿ ಇಡುವ, ಮತ್ತೆ ಬಿಡಿಸುವ ವಿಧಾನ. ಫೋನಿನಲ್ಲಿ ಒಂದು ಆ್ಯಪ್ ತಂದ ಕೋಡೆಕ್ ಅದೇ ಆ್ಯಪ್‌ಗೆ ಮಾತ್ರ ಉಪಯೋಗ. ಎಲ್ಲ ಆ್ಯಪ್‌ಗಳಿಗೂ ಕೋಡೆಕ್ ಸೇರಿಸಿಕೊಡುತ್ತೇನೆ ಎನ್ನುವ ಆ್ಯಪ್ ಆಂಡ್ರಾಯ್ಡ್‌ನಲ್ಲಿ ಆ ಕೆಲಸ ಮಾಡಲಾರದು. ಹಾಡು ರಿಪೇರಿ ಮಾಡಲು ನಿಮ್ಮ ಎಸ್‌ಎಂಎಸ್, ಕಾಂಟ್ಯಾಕ್ಟ್ ನೋಡುವ ಅನುಮತಿ ಯಾಕೆ ಬೇಕು ಹೇಳಿ? ಅಂಥದ್ದು ಕೇಳಿದ ಕೂಡಲೇ ತೆಗೆದುಹಾಕಿ. ವೈರಸ್ ಮಾತೂ ಹಾಗೆಯೇ. ಹಾಡದೇ ಇರುವುದು ವೈರಸ್‌ನ ಲಕ್ಷಣ ಅಲ್ಲ. ಹೆದರಬೇಕಾದದ್ದು ಹಾಡಿನ ಹೆಸರು ಹೊತ್ತು ಕೊನೆಯಲ್ಲಿ ಎಪಿಕೆ (ಫೋನಿನ ಆ್ಯಪ್) ಅಥವಾ ಇಎಕ್ಸ್‌ಇ (ವಿಂಡೋಸ್ ಪ್ರೋಗ್ರಾಂ) ಅಂತ ಇರುವ ಫೈಲ್‌ಗೆ. ನಿಮ್ಮ ಪಟ್ಟಿಯಲ್ಲಿ ಅದಿಲ್ಲ.

ಈಗ 0:00 ತೋರಿಸುವ ಮೂರು ಎಂ4ಎ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಎಎಂಆರ್, ಎಂಪಿ3 ಫೈಲ್‌ಗಳು ಮಣಿ ಪೋಣಿಸಿದ ಹಾಗೆ. ಮಧ್ಯದಲ್ಲಿ ದಾರ ಕತ್ತರಿಸಿದರೂ ಅಲ್ಲಿಯವರೆಗಿನ ಮಣಿಗಳು ಇರುತ್ತವೆ, ಅಷ್ಟು ಹಾಡು ಕೇಳುತ್ತದೆ. ಎಂ4ಎ ಹಾಗಲ್ಲ. ಅದರೊಳಗೆ ದನಿ ಒಂದು ಕಡೆ, ದನಿಯ ಯಾವ ತುಣುಕು ಎಲ್ಲಿದೆ ಎನ್ನುವ ಪಟ್ಟಿ ಇನ್ನೊಂದು ಕಡೆ. ಫೋನಿನ ರೆಕಾರ್ಡರ್ ಈ ಪಟ್ಟಿಯನ್ನು ಸಾಮಾನ್ಯವಾಗಿ ಕೊನೆಗೆ, ನೀವು ಸ್ಟಾಪ್ ಒತ್ತಿದಾಗ ಬರೆಯುತ್ತದೆ. ಹಾಡು ನಡೆಯುತ್ತಿರುವಾಗ ಬ್ಯಾಟರಿ ಮುಗಿದರೆ, ಫೋನು ನಿಂತುಹೋದರೆ ದನಿ ಇರುತ್ತದೆ, ಪಟ್ಟಿ ಇರುವುದಿಲ್ಲ. ಪ್ಲೇಯರ್ ಪಟ್ಟಿ ಹುಡುಕುತ್ತದೆ, ಕಾಣದೆ 0:00 ಅನ್ನುತ್ತದೆ. ಕಾಪಿ ಮಾಡುವಾಗ ಫೈಲ್‌ನ ಬಾಲ ತುಂಡಾದರೂ ಇದೇ ಫಲ.

ಆದ್ದರಿಂದ ಮೊದಲು ಈ ಮೂರನ್ನೂ ಕಾರ್ಡಿನಿಂದ ಇನ್ನೊಮ್ಮೆ ಕಾಪಿ ಮಾಡಿ. ಸುಮ್ನೆ ಅಷ್ಟರಲ್ಲೇ ಸರಿಹೋದದ್ದು ನಾನು ಎಷ್ಟೋ ಸಲ ನೋಡಿದ್ದೇನೆ. ಆಗಲೂ 0:00 ಇದ್ದರೆ ಗಾತ್ರ ನೋಡಿ. ಕೆಲವು ಎಂಬಿ ಇದ್ದರೆ ಆಸೆ ಇದೆ. ಅನ್‌ಟ್ರಂಕ್ ಎಂಬ ಉಚಿತ ಸಾಧನ ಕಳೆದ ಪಟ್ಟಿಯನ್ನು ಮತ್ತೆ ಕಟ್ಟಲು ನೋಡುತ್ತದೆ. ಅದಕ್ಕೆ ಒಂದು ಮಾದರಿ ಬೇಕು: ಅದೇ ಫೋನಿನಲ್ಲಿ, ಅದೇ ರೆಕಾರ್ಡರ್‌ನಲ್ಲಿ ಮಾಡಿದ, ಚೆನ್ನಾಗಿ ಹಾಡುವ ಇನ್ನೊಂದು ಫೈಲ್. ಅದರ ಜೋಡಣೆ ನೋಡಿ ಇದನ್ನು ಜೋಡಿಸುತ್ತದೆ. ಈ ಎಂ4ಎ ಫೈಲ್‌ಗಳನ್ನು ರೆಕಾರ್ಡ್ ಮಾಡಿದ ಹಳೆಯ ಫೋನು ಡ್ರಾಯರ್‌ನಲ್ಲಿ ಎಲ್ಲಾದರೂ ಬಿದ್ದಿದೆಯೇ ನೋಡಿ. ಚಾರ್ಜ್ ಆದರೆ ಎರಡು ನಿಮಿಷ ಏನಾದರೂ ರೆಕಾರ್ಡ್ ಮಾಡಿ ಆ ಫೈಲ್ ತೆಗೆದುಕೊಳ್ಳಿ, ಮಾದರಿ ಸಿಕ್ಕಿತು. ಹಳೆಯ ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜ್‌ಗೆ ಹಾಕಬೇಡಿ. ಕೆಲಸ ಆಗೇ ಆಗುತ್ತದೆ ಅಂತ ಮಾತು ಕೊಡಲಾರೆ. ಕೆಲವು ಪೂರ್ತಿ ಬರುತ್ತವೆ, ಕೆಲವು ಅಲ್ಲಲ್ಲಿ ಕರಕರ ಅನ್ನುತ್ತವೆ, ಕೆಲವು ಬರುವುದೇ ಇಲ್ಲ. ಹಣ ಕೊಟ್ಟು ಕೊಳ್ಳುವ ರಿಪೇರಿ ಸಾಫ್ಟ್‌ವೇರ್‌ಗಳಿಗೂ ಇದೇ ಮಿತಿ ಇದೆ. ಕೊಳ್ಳುವ ಮೊದಲು ಉಚಿತವಾಗಿ ಸ್ವಲ್ಪ ಕೇಳಿಸುತ್ತದೆಯೇ ನೋಡಿ, ಅಜ್ಜಿಯ ದನಿ ಕಿವಿಗೆ ಬಿದ್ದ ಮೇಲೆ ದುಡ್ಡು ಕೊಡಿ.

0 ಕೆಬಿ ಎರಡರ ಒಳಗೆ ಏನೂ ಇಲ್ಲ. ಅದು ಖಾಲಿ ಡಬ್ಬಿ. ಯಾವ ಪ್ಲೇಯರೂ, ಯಾವ ಕನ್ವರ್ಟರೂ ಅದರಿಂದ ಹಾಡು ತೆಗೆಯಲಾರದು. ಆದರೆ ಕಾರ್ಡಿನಲ್ಲೂ ಅವು 0 ಕೆಬಿಯೇ ಅಂತ ನೀವು ಬರೆದಿಲ್ಲ. ಅಲ್ಲಿ ಗಾತ್ರ ಇದ್ದರೆ ಮತ್ತೆ ಕಾಪಿ ಮಾಡಿದರಾಯಿತು. ಅಲ್ಲೂ 0 ಇದ್ದರೆ ಕಾರ್ಡಿನಲ್ಲಿ ಅಡಗಿರುವ ಫೋಲ್ಡರ್‌ಗಳನ್ನು ತೋರಿಸುವಂತೆ ಮಾಡಿ ನೋಡಿ. ಹಿಂದೆ ಯಾರಾದರೂ ವಿಂಡೋಸ್‌ನಲ್ಲಿ "ಸರಿಪಡಿಸು" ಒತ್ತಿದ್ದರೆ ಫೌಂಡ್ ಎಂದು ಶುರುವಾಗುವ ಫೋಲ್ಡರ್‌ನೊಳಗೆ ಸಿಎಚ್‌ಕೆ ಎಂದು ಮುಗಿಯುವ ಫೈಲ್‌ಗಳು ಬಿದ್ದಿರುತ್ತವೆ. ದಿಕ್ಕು ತಪ್ಪಿದ ಹಾಡುಗಳು ಅಲ್ಲಿ ಸಿಗುವುದುಂಟು. ಮೊದಲು ಹೇಳಿದ ಹಾಗೆ ಅದರ ಪ್ರತಿಯನ್ನು ತೆರೆದು ಮೊದಲ ಅಕ್ಷರಗಳನ್ನು ನೋಡಿ. ಅಲ್ಲೂ ಸಿಗದಿದ್ದರೆ ಫೋಟೊರೆಕ್ ಎಂಬ ಉಚಿತ ಸಾಧನ ಇದೆ. ಹೆಸರಿನಲ್ಲಿ ಫೋಟೊ ಇದ್ದರೂ ಆಡಿಯೊ ಕೂಡ ಹುಡುಕುತ್ತದೆ. ಚೀಟಿ ನೋಡದೆ, ಕಾರ್ಡಿನ ಮೂಲೆ ಮೂಲೆಯಲ್ಲಿ ಫೈಲ್‌ಗಳ ತಲೆ ಗುರುತಿಸಿ ಎತ್ತಿಕೊಡುತ್ತದೆ. ಸಿಕ್ಕಿದ್ದನ್ನು ಕಂಪ್ಯೂಟರ್‌ನಲ್ಲಿ ಉಳಿಸಿ, ಅದೇ ಕಾರ್ಡಿನಲ್ಲಿ ಉಳಿಸಬೇಡಿ. ಕಾರ್ಡು ಓದುವಾಗ ಪದೇ ಪದೇ ನಿಲ್ಲುತ್ತಿದ್ದರೆ, ತುಂಬಾ ಬಿಸಿಯಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಡೇಟಾ ರಿಕವರಿ ಮಾಡುವವರ ಬಳಿ ಕೊಡಿ. ಖರ್ಚಿನ ಅಂದಾಜನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ. ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸಿದ ಮೇಲೆ ಹಣ ಎನ್ನುವವರಾದರೆ ಒಳ್ಳೆಯದು.

ಎಂಪಿ3 ಹಾಡುತ್ತಿವೆ ಅಂದಿರಿ. ಬಹುಶಃ ಒಂದು ಮುಗಿದ ಮೇಲೆ ಮುಂದಿನದು ತಾನಾಗಿ ಬರುತ್ತಿಲ್ಲ ಅಲ್ವಾ? ಈ ದೂರು ನನಗೆ ತುಂಬಾ ಬರುತ್ತದೆ. ಉಗ್ರಾಣಿ ಕೊಟ್ಟಿದ್ದು ಒಂದೇ ಡಬ್ಬಿ, ಪಕ್ಕದ ಡಬ್ಬಿ ಇರುವುದು ಪ್ಲೇಯರ್‌ಗೆ ಗೊತ್ತಿಲ್ಲ. ಸಾಲಾಗಿ ಕೇಳಬೇಕಿದ್ದರೆ ವಿಎಲ್‌ಸಿಯೊಳಗಿಂದಲೇ ಆ ಫೋಲ್ಡರ್ ತೆರೆಯಿರಿ. ಮ್ಯೂಸಿಕ್ ಆ್ಯಪ್‌ಗಳ ಪಟ್ಟಿಯಲ್ಲಿ ಹಾಡುಗಳು ಕಾಣದೇ ಇದ್ದರೆ ಫೋಲ್ಡರ್ ಹೆಸರು ಚುಕ್ಕೆಯಿಂದ ಶುರುವಾಗಿದೆಯೇ, ಒಳಗೆ "ನೋಮೀಡಿಯಾ" ಎಂಬ ಅಡಗಿದ ಫೈಲ್ ಇದೆಯೇ ನೋಡಿ. ಆ ಎರಡೂ "ಇಲ್ಲಿ ಹಾಡು ಹುಡುಕಬೇಡ" ಎಂದು ಫೋನಿಗೆ ಹೇಳುವ ಗುರುತು. ಇನ್ನು ಕೆಲವರಿಗೆ ಸಮಯ ಓಡುತ್ತದೆ, ದನಿ ಬರುವುದಿಲ್ಲ. ಅವರು ಮೊದಲು ಬ್ಲೂಟೂತ್ ಆಫ್ ಮಾಡಲಿ. ಹಾಡು ಪಕ್ಕದ ಕೋಣೆಯ ಸ್ಪೀಕರ್‌ಗೋ ಕಾರಿಗೋ ಹೋಗುತ್ತಿರುತ್ತದೆ.

ಎಲ್ಲ ಕೇಳಿಸತೊಡಗಿದ ಮೇಲೆ ಒಂದು ಬೇಸರ ಕಾದಿದೆ, ಮೊದಲೇ ಹೇಳಿಬಿಡುತ್ತೇನೆ. ಎಎಂಆರ್ ಫೈಲ್‌ಗಳಲ್ಲಿ ಅಜ್ಜಿಯ ದನಿ ಬಾವಿಯ ಒಳಗಿಂದ ಬಂದಂತೆ ಇರುತ್ತದೆ. ಬಳೆಯ ಸದ್ದು, ಬೀಸುವ ಕಲ್ಲಿನ ಗರಗರ ನೀರಿನಲ್ಲಿ ಕಲಸಿದ ಹಾಗೆ ಕೇಳುತ್ತದೆ. ಅದು ಫೈಲ್ ಹಾಳಾದ ಗುರುತು ಅಲ್ಲ. ಎಎಂಆರ್ ಸೆಕೆಂಡಿಗೆ 8000 ಸಲ ಮಾತ್ರ ದನಿಯನ್ನು ಅಳೆಯುತ್ತದೆ, ಆದ್ದರಿಂದ 4000 ಹರ್ಟ್ಸ್‌ಗಿಂತ ಮೇಲಿನ ಸದ್ದು ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಮನುಷ್ಯನ ಮಾತು ಹೇಗಿರುತ್ತದೆ ಎಂಬ ಊಹೆಯ ಮೇಲೆ ಅದು ನಿಂತಿದೆ. ಬಳೆ ಮಾತಾಡುವುದಿಲ್ಲ, ಹಾಗಾಗಿ ಬಳೆಯನ್ನು ಅದು ತಪ್ಪಾಗಿ ಹಿಡಿಯುತ್ತದೆ. ಎಂಪಿ3ಗೆ ಬದಲಿಸಿದರೆ ಚೆನ್ನಾಗಿ ಕೇಳುತ್ತದೆ ಅನ್ನುವುದು ನಿಜವಲ್ಲ. ಆಗ ಇಲ್ಲದೇ ಹೋದದ್ದು ಈಗ ಬರುವುದಿಲ್ಲ.

ಹಾಗಾದರೆ ಬದಲಿಸಬೇಕೇ? ಹಂಚಿಕೊಳ್ಳಲು ಬೇಕು. ಮನೆಯಲ್ಲಿ ಯಾರದಾದರೂ ಐಫೋನ್ ಇದ್ದರೆ ಅದು ಡಬ್ಲ್ಯುಎಂಎ ಹಾಡಿಸುವುದಿಲ್ಲ, ಕ್ಯುಸಿಪಿಯಂತೂ ದೂರದ ಮಾತು. ಎಂಪಿ3 ಎಲ್ಲ ಕಡೆ ನಡೆಯುತ್ತದೆ. ಕಂಪ್ಯೂಟರ್‌ನ ವಿಎಲ್‌ಸಿಯಲ್ಲಿ ಮೀಡಿಯಾ ಮೆನುವಿನ ಒಳಗೆ "ಕನ್ವರ್ಟ್ / ಸೇವ್" ಇದೆ. ಅದರಲ್ಲಿ ಎಲ್ಲ ಫೈಲ್ ಒಟ್ಟಿಗೆ ಹಾಕಿ ಎಂಪಿ3 ಪ್ರತಿ ಮಾಡಿ. ಆದರೆ ಮೂಲ ಎಎಂಆರ್, ಮೂಲ ಡಬ್ಲ್ಯುಎಂಎ ಅಳಿಸಬೇಡಿ. ಒಂದು ಬಗೆಯಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಚೂರು ಸೋರುತ್ತದೆ. ಎಲ್ಲ ಸೇರಿ 2 ಜಿಬಿ ಕಾರ್ಡಿನೊಳಗೆ ಹಿಡಿದಿದ್ದವು, ಇಟ್ಟುಕೊಳ್ಳಲು ಜಾಗದ ತೊಂದರೆ ಇಲ್ಲ. ಆನ್‌ಲೈನ್ ಕನ್ವರ್ಟರ್ ಬಗ್ಗೆ ನನಗೆ ಒಪ್ಪಿಗೆ ಇಲ್ಲ. ಸಿನಿಮಾ ಹಾಡಿಗೆ ಪರವಾಗಿಲ್ಲ. ಮನೆಯವರ ದನಿ, ಮನೆಯ ಮಾತು ಗೊತ್ತಿಲ್ಲದವರ ಕಂಪ್ಯೂಟರ್‌ಗೆ ಯಾಕೆ ಹೋಗಬೇಕು? ಕೆಲಸ ಮನೆಯಲ್ಲೇ ಆಗುವಾಗ ಆ ಅಪಾಯ ಬೇಡ.

ವಾಟ್ಸಾಪ್‌ನಲ್ಲಿ ಮನೆ ಮಂದಿಗೆ ಕಳಿಸುವಾಗ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ, ಫೈಲ್ ಇದ್ದ ಹಾಗೇ ತಲುಪುತ್ತದೆ. ಸ್ಪೀಕರ್ ಮುಂದೆ ಫೋನು ಹಿಡಿದು ವಾಯ್ಸ್ ನೋಟ್ ಮಾಡಿ ಕಳಿಸಬೇಡಿ. ಬಾವಿಯ ದನಿಗೆ ಇನ್ನೊಂದು ಬಾವಿ ಸೇರುತ್ತದೆ.

ಇಷ್ಟಾದ ಮೇಲೆ ಒಂದು ಸಂಜೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದೊಂದೇ ಹಾಕಿ. ಈಗ ಆ ಫೈಲ್‌ಗಳ ಹೆಸರು "ರೆಕಾರ್ಡಿಂಗ್ 014" ಎಂಬಂತೆ ಇರಬೇಕು. ಇದು ಅರಿಸಿನ ಎಣ್ಣೆ ಹಚ್ಚುವಾಗಿನ ಪದ, ಇದು ಹಸೆಗೆ ಕರೆಯುವುದು, ಹಿಂದೆ ಸೊಲ್ಲು ಹೇಳುತ್ತಿರುವವರು ಪಕ್ಕದ ಮನೆಯವರು ಎಂದು ಅವರಿಗೆ ಮಾತ್ರ ಗೊತ್ತಿರುತ್ತದೆ. ಎಂಪಿ3 ಪ್ರತಿಗಳ ಹೆಸರನ್ನು ಹಾಗೆ ಬದಲಿಸಿ: ವರ್ಷ ಮೊದಲು, ಆಮೇಲೆ ಪದ, ಆಮೇಲೆ ಯಾರ ಮದುವೆ. ಹೆಸರು ಕನ್ನಡದಲ್ಲೇ ಇರಬಹುದು, ಈಗಿನ ಫೋನುಗಳಿಗೆ ತೊಂದರೆ ಇಲ್ಲ. ಪ್ರಶ್ನೆ ಚಿಹ್ನೆ, ಎರಡು ಚುಕ್ಕೆಯ ಗುರುತು ಮಾತ್ರ ಹೆಸರಿನಲ್ಲಿ ಬೇಡ, ಪೆನ್‌ಡ್ರೈವ್‌ಗೆ ಕಾಪಿ ಆಗುವುದಿಲ್ಲ. ಕೊನೆಯ ಎಂಪಿ3 ಎಂಬ ಬಾಲವನ್ನು ಹಾಗೇ ಬಿಡಿ. ಆ ಎರಡು ಖಾಲಿ ಫೈಲ್‌ಗಳ ಗಾತ್ರ ಕಾರ್ಡಿನಲ್ಲಿ ಎಷ್ಟಿದೆ ಎಂದು ನೋಡಿ ಬರೆಯಿರಿ, ಮುಂದಿನ ದಾರಿ ಹೇಳುತ್ತೇನೆ.